ತೊಗರಿ ರಾಶಿ ಕಾಯಲು ವೆಬ್‌ಕ್ಯಾಮ್

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಅದಕ್ಕೆ ಯುಎಸ್‌ಬಿ ವೆಬ್‌ಕ್ಯಾಮ್ ಸಿಕ್ಕಿಸಿದರೆ ಮನೆ, ಹೊಲ ಕಾಯುವ ಅಗ್ಗದ ಕ್ಯಾಮೆರಾ ಸಿದ್ಧ ಎನ್ನುವವರು ಬಹಳ. ಜೇವರ್ಗಿ ತಾಲ್ಲೂಕಿನ ನೆಲೋಗಿಯ ಕಡೆ, ತೊಗರಿ ರಾಶಿ ಬಿದ್ದಿರುವ ಕಣದಲ್ಲಿ ಆ ಮಾತು ಎಷ್ಟು ನಿಂತೀತು?

ಜೋಡಣೆಯಲ್ಲಿ ದೂರುವಂಥದ್ದು ಏನೂ ಇಲ್ಲ. ಬಹುಪಾಲು ವೆಬ್‌ಕ್ಯಾಮ್‌ಗಳಿಗೆ ಬೇಕಾದ ಯುವಿಸಿ ಎಂಬ ಚಾಲಕ ತಂತ್ರಾಂಶ, ಪೈಯಲ್ಲಿ ಓಡುವ ಲಿನಕ್ಸ್‌ನ ಒಳಗೆ 2008ರಿಂದಲೇ ಇದೆ. ‘ಎಫ್‌ಎಸ್‌ವೆಬ್‌ಕ್ಯಾಮ್’ ಎಂಬ ತಂತ್ರಾಂಶ ಹಾಕಿಕೊಂಡರೆ ಒಂದೇ ಸಾಲಿನ ಆದೇಶಕ್ಕೆ ಚಿತ್ರ ಬರುತ್ತದೆ. ಮೊದಲ ಚಿತ್ರ ಕಪ್ಪಾಗಿ ಬಂದರೆ ಗಾಬರಿ ಬೇಡ, ಕ್ಯಾಮೆರಾ ಬೆಳಕಿಗೆ ಹೊಂದಿಕೊಳ್ಳುವವರೆಗೆ ಕೆಲವು ಫ್ರೇಮ್ ಬಿಟ್ಟುಬಿಡಲು ಹೇಳಿದರೆ ಸಾಕು. ‘ಮೋಷನ್’ ಎಂಬ ಇನ್ನೊಂದು ತಂತ್ರಾಂಶ ಎದುರಿಗೆ ಏನಾದರೂ ಅಲುಗಾಡಿದಾಗ ಮಾತ್ರ ಚಿತ್ರ ಉಳಿಸುತ್ತದೆ. ದುಡ್ಡು ಕೊಡದೆ ಸಿಗುವ ಇಷ್ಟು ಅಚ್ಚುಕಟ್ಟಾದ ಸಾಮಗ್ರಿಯನ್ನು ಮನಸಾರೆ ಮೆಚ್ಚಬೇಕು.

ತೊಡಕು ಕತ್ತಲಾದ ಮೇಲೆ. ಕಳ್ಳತನದ ಭಯ ಇರುವುದು ರಾತ್ರಿ. ಸಾಮಾನ್ಯ ವೆಬ್‌ಕ್ಯಾಮ್‌ಗೆ ರಾತ್ರಿ ಕಣ್ಣಿಲ್ಲ. ಬಣ್ಣ ಸರಿಯಾಗಿ ಬರಲೆಂದು ಅದರ ಲೆನ್ಸಿನ ಹಿಂದೆ ಅವಗೆಂಪು ಕಿರಣ ತಡೆಯುವ ಗಾಜು ಕೂಡಿಸಿರುತ್ತಾರೆ. ಹೀಗಾಗಿ ಅವಗೆಂಪು ದೀಪ ಹಚ್ಚಿದರೂ ಅದಕ್ಕೆ ಹೆಚ್ಚೇನೂ ಕಾಣದು. ದೂರದ ತೊಡಕೂ ಉಂಟು: ಯುಎಸ್‌ಬಿ 2.0 ಕೇಬಲ್ ಐದು ಮೀಟರ್ ದಾಟುವಂತಿಲ್ಲ, ಆದ್ದರಿಂದ ಪೈಯನ್ನು ಮನೆಯಲ್ಲಿಟ್ಟು ಕ್ಯಾಮೆರಾ ಒಂದನ್ನೇ ಕಣಕ್ಕೆ ಕಟ್ಟಲೂ ಆಗದು.

ಅದಕ್ಕಿಂತ ದೊಡ್ಡದು ಕರೆಂಟಿನ ಪ್ರಶ್ನೆ. ಪೈ 4 ಮಾದರಿಗೆ ಐದು ವೋಲ್ಟಿನಲ್ಲಿ ಮೂರು ಆಂಪಿಯರ್ ಬೇಕು. ಮೊಬೈಲ್ ಚಾರ್ಜರಿನ ಸಣಕಲು ವೈರು ಇಷ್ಟನ್ನು ತಾಳದೆ ವೋಲ್ಟೇಜ್ ಕುಸಿದಾಗ ಜನ ವೆಬ್‌ಕ್ಯಾಮನ್ನೇ ಬೈಯುತ್ತಾರೆ. ಚಿತ್ರ ಉಳಿಸುತ್ತಿರುವಾಗಲೇ ಕರೆಂಟು ಹೋದರೆ ಮೆಮೊರಿ ಕಾರ್ಡ್ ಕೆಡಬಹುದು. ಇನ್ನು ಕಾವು: ಕಲಬುರಗಿ ಸೀಮೆಯ ಮೇ ತಿಂಗಳಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಡಬ್ಬಿಯೊಳಗೆ ಚಿಪ್ 80 ಡಿಗ್ರಿ ಮುಟ್ಟಿದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕಲಿಸುವವರು ಆದೇಶಗಳ ಪಟ್ಟಿಯನ್ನು ಉದ್ದಕ್ಕೆ ಕೊಟ್ಟು ಕರೆಂಟು, ಕಾರ್ಡು, ಕಾವು ಈ ಮೂರನ್ನೂ ಕೊನೆಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಊರುಗಳಲ್ಲಿ ಪಾಠ ಶುರುವಾಗಬೇಕಾದದ್ದೇ ಬ್ಯಾಟರಿ, ಒಳ್ಳೆಯ ಅಡಾಪ್ಟರ್, ಗಾಳಿಯಾಡುವ ಡಬ್ಬಿಯಿಂದ.

ಕಣ ಕಾಯಲು ವೆಬ್‌ಕ್ಯಾಮ್ ಬೇಡ. ಅವಗೆಂಪು ತಡೆಯುವ ಗಾಜಿಲ್ಲದ, ಪೈಗೆಂದೇ ಬರುವ ನೋಐಆರ್ ಕ್ಯಾಮೆರಾ ಮತ್ತು ಅವಗೆಂಪು ದೀಪ ಕೊಳ್ಳಿ. ಹಗಲಲ್ಲಿ ಬೀಜ ಮೊಳೆಯುವುದನ್ನು ಗಂಟೆಗೊಂದು ಚಿತ್ರದಂತೆ ಸೆರೆಹಿಡಿಯಬೇಕೆನ್ನುವ ಹೈಸ್ಕೂಲಿಗೆ ಮಾತ್ರ ಪೈ ಮತ್ತು ವೆಬ್‌ಕ್ಯಾಮ್ ಜೋಡಿಗಿಂತ ಒಳ್ಳೆಯ ಪಾಠೋಪಕರಣ ಇಲ್ಲ. ಜೇವರ್ಗಿ ಭಾಗದ ವಿಜ್ಞಾನ ಮಾಸ್ತರರು ಇದನ್ನು ಮಕ್ಕಳ ಕೈಯಿಂದಲೇ ಜೋಡಿಸಲಿ, ಹಂತಗಳನ್ನು ಕನ್ನಡದಲ್ಲಿ ಬರೆಸಲಿ.