ಸಣ್ಣ ಟರ್ಬೊದ ಪರವಾಗಿ

ಪೆಟ್ರೋಲ್ ಕಾರಿಗೆ ಹೊರಗಿನಿಂದ ಟರ್ಬೊ ಕೂರಿಸಿದವರು ಮೊದಲು ತೋರಿಸುವುದು ಡೈನೊ ಹಾಳೆ. ಹಾಳೆಯಲ್ಲೂ ಬೆರಳಿಡುವುದು ಗೆರೆಯ ನೆತ್ತಿಯ ಮೇಲೆ. ಇಷ್ಟಿದ್ದ ಹಾರ್ಸ್‌ಪವರ್ ಅಷ್ಟಾಯಿತು ಎಂಬ ಮಾತು ಅಲ್ಲಿಂದ ಶುರು. ನನ್ನ ಕಣ್ಣು ಮಾತ್ರ ಗೆರೆಯ ಬುಡಕ್ಕೆ ಹೋಗುತ್ತದೆ. ಎಷ್ಟು ಆರ್‌ಪಿಎಂಗೆ ಅದು ತಲೆಯೆತ್ತಿತು? 4,500 ದಾಟಿದ ಮೇಲೆ ಒಮ್ಮೆಲೇ ಜಿಗಿದಿದ್ದರೆ, ಅಲ್ಲಿಯವರೆಗೆ ಆ ಕಾರಿಗೆ ಹಳೆಯ ಪಿಕಪ್ ಕೂಡ ಉಳಿದಿಲ್ಲ ಎಂದೇ ಅರ್ಥ. ಸಿಗ್ನಲ್ಲಿನಿಂದ ಹೊರಡುವಾಗ, ಘಾಟಿಯ ತಿರುವಿನಿಂದ ಎದ್ದು ಬರುವಾಗ ಎಂಜಿನ್ ತಿರುಗುವುದು ಆ ಮಂದ ಭಾಗದಲ್ಲಿ.

ಒಂದೂವರೆ ಲೀಟರಿನ ಎಂಜಿನ್ನಿಗೆ ಎರಡು ಲೀಟರಿನದಕ್ಕೆ ಸಾಕಾಗುವ ಟರ್ಬೊ ಆರಿಸುವುದು ಈ ಕಸುಬಿನ ಅತಿ ಸಾಮಾನ್ಯ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಟರ್ಬೈನನ್ನು ತಿರುಗಿಸುವುದು ಹೊರಹೋಗುವ ಹೊಗೆ. ಸಣ್ಣ ಎಂಜಿನ್ ಕೆಳ ವೇಗದಲ್ಲಿ ಉಗುಳುವ ಹೊಗೆಗೆ ದೊಡ್ಡ ಚಕ್ರವನ್ನು ಎಬ್ಬಿಸುವ ಕಸುವಿರುವುದಿಲ್ಲ. ‘ಮುಂದೆ ಬೂಸ್ಟ್ ಏರಿಸಲು ಜಾಗ ಇರಲಿ’ ಎಂದು ದೊಡ್ಡದನ್ನು ಕೊಳ್ಳುವವರು ಬಾರದ ನಾಳೆಗಾಗಿ ಇಂದಿನ ಓಟವನ್ನು ಕಳೆದುಕೊಳ್ಳುತ್ತಾರೆ.

ಕಾರು ಕಂಪನಿಗಳೇ ಈ ವಿಷಯದಲ್ಲಿ ಎರಡು ದಾರಿ ತುಳಿದು ತೋರಿಸಿವೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ತನ್ನ ಜೆಟ್‌ಫೈರ್ ಕಾರಿನ ಮೂರೂವರೆ ಲೀಟರ್ ಅಲ್ಯೂಮಿನಿಯಂ ವಿ-8ಕ್ಕೆ ಟರ್ಬೊ ಜೋಡಿಸಿತು. ಕಾಂಪ್ರೆಷನ್ ಮಾತ್ರ 10.25ರಷ್ಟು ಎತ್ತರದಲ್ಲೇ ಉಳಿಯಿತು. ನಾಕಿಂಗ್ ತಡೆಯಲು ಮೆಥನಾಲ್ ಮತ್ತು ನೀರು ಬೆರೆಸಿದ ದ್ರಾವಣವನ್ನು ಎಂಜಿನ್ನಿಗೆ ಚಿಮ್ಮಿಸುವ ಉಪಾಯ ಮಾಡಿದರು. ಅದರ ಟ್ಯಾಂಕ್ ತುಂಬಿಸುವುದನ್ನು ಕೊಂಡವರು ಮರೆತರು. ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೊ ಕಿತ್ತು ಸಾಮಾನ್ಯ ಕಾರ್ಬ್ಯುರೇಟರ್ ಹಾಕಬೇಕಾಯಿತು. ಸ್ವೀಡನ್ನಿನ ಸಾಬ್ 1978ಕ್ಕೆ 99 ಟರ್ಬೊ ತಂದಾಗ ಪೆರ್ ಗಿಲ್‌ಬ್ರಾಂಡ್ ಅವರ ತಂಡ ಬೇರೆ ಲೆಕ್ಕ ಹಾಕಿತ್ತು. ಕಾಂಪ್ರೆಷನ್ 7.2ಕ್ಕೆ ಇಳಿಸಿದರು, ಬೇಗ ಎಚ್ಚರಗೊಳ್ಳುವ ಸಣ್ಣ ಟರ್ಬೊ ಆರಿಸಿದರು, ಹೆಚ್ಚಾದ ಹೊಗೆಯನ್ನು ವೇಸ್ಟ್‌ಗೇಟಿನಿಂದ ಪಕ್ಕಕ್ಕೆ ಬಿಟ್ಟರು. ಎರಡು ಲೀಟರಿಗೆ 145 ಹಾರ್ಸ್‌ಪವರ್ ಎಂಬುದು ಇಂದು ಬಾಯಿ ಚಪ್ಪರಿಸುವ ಅಂಕಿಯಲ್ಲ. ಆದರೆ ಪೂರ್ತಿ ಟಾರ್ಕ್ 3,000 ಆರ್‌ಪಿಎಂ ಆಸುಪಾಸಿನಲ್ಲೇ ಸಿಗುತ್ತಿತ್ತು. ಅದು ದಿನವೂ ಓಡಿಸಬಹುದಾದ ಕಾರಾಗಿತ್ತು. ನಮ್ಮ ಗ್ಯಾರೇಜುಗಳಲ್ಲಿ ಇವತ್ತಿಗೂ ಜೆಟ್‌ಫೈರ್ ದಾರಿಯೇ ಹೆಚ್ಚು: ಪಿಸ್ಟನ್ ಹಾಗೇ ಇರಲಿ, ಆಮೇಲೆ ನೋಡಿಕೊಳ್ಳೋಣ.

ಬೆಂಗಳೂರಿನವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿಯ ಒತ್ತಡ ಹತ್ತರಲ್ಲೊಂದು ಪಾಲು ಕಡಿಮೆ. ಚೆನ್ನೈನ ಗೆಳೆಯ 0.7 ಬಾರ್ ಬೂಸ್ಟಿನಲ್ಲಿ ಓಡಿಸುತ್ತಿರುವ ಟರ್ಬೊವನ್ನು ಇಲ್ಲಿ ಕೂರಿಸಿ, ಮೀಟರಿನಲ್ಲಿ ಅದೇ 0.7 ಬರಿಸಿದರೆ ಎರಡೂ ಒಂದೇ ಅಲ್ಲ. ಅಲ್ಲಿ ಕಂಪ್ರೆಸರ್ ಹೊರಗಿನ ಗಾಳಿಯನ್ನು 1.7 ಪಟ್ಟು ಒತ್ತುತ್ತಿತ್ತು, ಇಲ್ಲಿ ಸುಮಾರು 1.77 ಪಟ್ಟು ಒತ್ತಬೇಕು. ಚಕ್ರ ಇನ್ನಷ್ಟು ಜೋರಾಗಿ ತಿರುಗುತ್ತದೆ, ಗಾಳಿ ಇನ್ನಷ್ಟು ಕಾಯುತ್ತದೆ. 30 ಡಿಗ್ರಿಯ ಗಾಳಿ ಕಂಪ್ರೆಸರಿನಿಂದ ಹೊರಬರುವಾಗ ನೂರು ದಾಟಿರುತ್ತದೆ. ಇಂಟರ್‌ಕೂಲರನ್ನು ಬಂಪರಿನ ಹಿಂದೆ ಅಂದಕ್ಕೆ ತೂಗುಹಾಕಿ, ಗಾಳಿ ಅದರ ಸುತ್ತ ಹಾದುಹೋಗುವಂತೆ ಬಿಟ್ಟ ಕೆಲಸವನ್ನು ಎಷ್ಟೋ ಕಡೆ ಕಂಡಿದ್ದೇನೆ. ನಾಲ್ಕು ತುಂಡು ತಗಡಿನಿಂದ ಗಾಳಿಗೆ ದಾರಿ ಕಟ್ಟಿದ್ದರೆ ಮುಗಿಯುತ್ತಿತ್ತು.

ಈ ಕೆಲಸದ ನಿಜವಾದ ಪರೀಕ್ಷೆ ನಡೆಯುವುದು ಯಾರೂ ಫೋಟೊ ತೆಗೆಯದ ಒಂದು ಕೊಳವೆಯಲ್ಲಿ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತುವ ಟರ್ಬೊ ಶಾಫ್ಟ್ ತೇಲುವುದು ಆಯಿಲ್‌ನ ತೆಳು ಪದರದ ಮೇಲೆ. ಆಯಿಲ್ ಒತ್ತಡದಿಂದ ಒಳಗೆ ಬರುತ್ತದೆ. ಹೊರಗೆ ಹೋಗುವಾಗ ಒತ್ತಡ ಇರುವುದಿಲ್ಲ, ತನ್ನ ಭಾರದಿಂದಲೇ ನೊರೆ ನೊರೆಯಾಗಿ ಸಂಪಿಗೆ ಇಳಿಯಬೇಕು. ಆದ್ದರಿಂದ ವಾಪಸಾತಿ ಕೊಳವೆ ದಪ್ಪಗಿರಬೇಕು, ಎಲ್ಲೂ ಏರದೆ ಇಳಿಜಾರಾಗಿರಬೇಕು, ಸಂಪಿನಲ್ಲಿ ಆಯಿಲ್ ಮಟ್ಟದ ಮೇಲಕ್ಕೆ ಸೇರಬೇಕು. ಜಾಗ ಸಾಲದೆ ಒಂದು ಕಡೆ ಬಾಗಿಸಿದರೆ ಆಯಿಲ್ ಅಲ್ಲೇ ಕಟ್ಟಿಕೊಂಡು ಸೀಲುಗಳನ್ನು ದಾಟಿ ಸೈಲೆನ್ಸರಿಗೆ ನುಗ್ಗುತ್ತದೆ. ಹಿಂದೆ ನೀಲಿ ಹೊಗೆ. ‘ಟರ್ಬೊ ಸೀಲ್ ಹೋಗಿದೆ’ ಎಂಬ ತೀರ್ಪು ಬರುತ್ತದೆ, ಹೊಸ ಟರ್ಬೊ ಬರುತ್ತದೆ, ಅದೂ ಹೊಗೆಯುಗುಳುತ್ತದೆ. ಮೂರನೇ ಟರ್ಬೊ ಹಾಕಿದ ಮೇಲೆ ಕೊಳವೆಯತ್ತ ನೋಡಿದವರೊಬ್ಬರ ಕಾರಿನ ಕೆಳಗೆ ನಾನೂ ಟಾರ್ಚ್ ಹಿಡಿದು ಮಲಗಿದ್ದೆ. ಅಂಗೈಯಗಲದ ತಿರುವು. ಅವರು ಕಳೆದುಕೊಂಡ ದುಡ್ಡು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಇಂಧನದ ವಿಷಯ ಬಹುಪಾಲು ಮಂದಿಗೆ ಗೊತ್ತಿದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬುದು ನಿಧಾನ ಓಟದ ಲೆಕ್ಕ. ಪೂರ್ತಿ ಬೂಸ್ಟಿನಲ್ಲಿ ಹನ್ನೆರಡರ ಕೆಳಗಿರುವುದು ಕ್ಷೇಮ. ಹಳೆಯ ಇಂಜೆಕ್ಟರುಗಳು ಅಷ್ಟು ಸುರಿಯಲಾರವು ಎಂದಾದರೆ ಬೂಸ್ಟ್ ಇಳಿಸಬೇಕು. ಇಲ್ಲಿ ಚೌಕಾಸಿ ಮಾಡಿದವರ ಪಿಸ್ಟನ್ ಕರಗಿವೆ.

ರಸ್ತೆಯ ಮಾತಿಗೆ ಬಂದರೆ ಕಾನೂನು ಸ್ಪಷ್ಟವಾಗಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಹಾಗಾಗಿ ಇಂಥ ಕಾರಿನ ಜಾಗ ರೇಸ್ ಟ್ರ್ಯಾಕ್. ನನಗೆ ಇದು ಕೊರತೆ ಎನಿಸುವುದಿಲ್ಲ, ಏಕೆಂದರೆ ಡೈನೊ ಮೇಲಿನ ಓಟ ಕೆಲವೇ ಸೆಕೆಂಡುಗಳದ್ದು. ಅಷ್ಟರಲ್ಲಿ ಇಂಟರ್‌ಕೂಲರ್ ಕಾಯುವುದಿಲ್ಲ, ಆಯಿಲ್ ತೆಳುವಾಗುವುದಿಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಬಿಡುವಿಲ್ಲದೆ ಇಪ್ಪತ್ತು ನಿಮಿಷ ಸುತ್ತಿ ಬಂದ ಕಾರಿನ ಆಯಿಲ್ ಎಷ್ಟು ಬಿಸಿಯಾಗಿತ್ತು, ಎಂಜಿನ್ನಿನೊಳಗೆ ಹೋದ ಗಾಳಿ ಎಷ್ಟು ಬಿಸಿಯಾಗಿತ್ತು, ಕೊನೆಯ ಸುತ್ತಿನಲ್ಲೂ ಬೂಸ್ಟ್ ಮೊದಲ ಸುತ್ತಿನಷ್ಟೇ ಇತ್ತೇ: ಇವನ್ನು ಬರೆದಿಟ್ಟ ಗ್ಯಾರೇಜಿನವರನ್ನು ನಾನು ಡೈನೊ ಹಾಳೆ ಕೇಳುವುದಿಲ್ಲ.