ರಾಜನ ಮನೆಯಲ್ಲಿ ನಿಂತು ನೋಡಿದಾಗ

ಚದುರಂಗವಾಡುವ ಪ್ರೋಗ್ರಾಮನ್ನು ರಚಿಸಹೊರಟವರು ಬಹುಮಟ್ಟಿಗೆ ಅದರ ಯುಕ್ತಿಚಾತುರ್ಯವನ್ನೇ ಕುರಿತು ಚಿಂತಿಸುವರು; ಆದರೆ ಯಾವ ನಡೆ ಉತ್ತಮವೆಂದು ತೂಗುವುದಕ್ಕೆ ಮೊದಲು ಯಾವ ಯಾವ ನಡೆಗಳು ನಿಯಮಸಮ್ಮತವೆಂಬುದನ್ನು ಅರಿಯಬೇಕಷ್ಟೆ. ಆ ಮೊದಲ ಕಾರ್ಯದಲ್ಲಿಯೇ ಈ ವಿದ್ಯೆಯ ಸೊಗಸು ಬಹುವಾಗಿ ಅಡಗಿದೆಯೆಂಬುದು ನನ್ನ ದೃಢವಾದ ನಂಬಿಕೆ.

ಮಣೆಯ ಮನೆಗಳು 64. ಇಂದಿನ ಗಣಕಯಂತ್ರವು ಒಮ್ಮೆಗೆ ಹಿಡಿಯಬಲ್ಲ ಸಂಖ್ಯೆಯೂ 64 ಬಿಟ್‌ಗಳದು. ಮನೆಗೊಂದು ಬಿಟ್ಟನ್ನು ಮೀಸಲಿಟ್ಟರೆ ಬಿಳಿಯ ಕಾಲಾಳುಗಳೆಲ್ಲವೂ ಒಂದೇ ಸಂಖ್ಯೆಯಲ್ಲಿ ಅಡಕವಾಗುವುವು. ಆ ಸಂಖ್ಯೆಯನ್ನು ಎಂಟು ಸ್ಥಾನ ಸರಿಸಿದರೆ ಸೇನೆಯೇ ಒಮ್ಮೆಗೆ ಮುಂದಣ ಸಾಲಿಗೆ ನಡೆದಂತಾಗುತ್ತದೆ. ಈ ಬಿಟ್‌ಬೋರ್ಡ್ ಪದ್ಧತಿಯನ್ನು ಚದುರಂಗಕ್ಕೆ ಅಳವಡಿಸಿದ ಮೊದಲಿಗರಲ್ಲಿ, 1974ರಲ್ಲಿ ಸ್ಟಾಕ್‌ಹೋಮಿನಲ್ಲಿ ನಡೆದ ಪ್ರಥಮ ವಿಶ್ವ ಗಣಕ ಚದುರಂಗ ಸ್ಪರ್ಧೆಯನ್ನು ಗೆದ್ದ ‘ಕೈಸ್ಸಾ’ದ ಸೋವಿಯತ್ ನಿರ್ಮಾಪಕರೂ ಸೇರಿದ್ದಾರೆ.

ಕಷ್ಟವೆಲ್ಲ ರಾಜನ ರಕ್ಷಣೆಯದು. ಪ್ರತಿಯೊಂದು ನಡೆಯನ್ನೂ ಆಡಿ, ತನ್ನ ರಾಜನಿಗೆ ಚೆಕ್ ಒದಗಿತೇ ಎಂದು ಪರೀಕ್ಷಿಸಿ, ಒದಗಿದ್ದರೆ ಆ ನಡೆಯನ್ನು ತಳ್ಳಿಹಾಕುವುದು ಸುಲಭದ ಹಾದಿ. ಆದರೆ ಲಕ್ಷೋಪಲಕ್ಷ ಸ್ಥಿತಿಗಳಲ್ಲಿ ಅದನ್ನೇ ಮರಮರಳಿ ಮಾಡುವುದು ವ್ಯರ್ಥಶ್ರಮ. ಬಲ್ಲವನು ಒಮ್ಮೆ ರಾಜನ ಮನೆಯಲ್ಲಿ ನಿಂತು ಎಂಟು ದಿಕ್ಕಿಗೂ ದೃಷ್ಟಿ ಹಾಯಿಸುತ್ತಾನೆ. ಶತ್ರುವಿನ ಆನೆ, ಒಂಟೆ ಅಥವಾ ಮಂತ್ರಿಗೆ ಅಡ್ಡಲಾಗಿ ತನ್ನ ಕಾಯಿಯೊಂದೇ ನಿಂತಿದ್ದರೆ ಅದು ಆ ರೇಖೆಯನ್ನು ಬಿಟ್ಟು ಕದಲಲಾಗದು. ಚೆಕ್ ಇಲ್ಲದಿರುವಾಗ, ಹೀಗೆ ಕಟ್ಟುಬೀಳದ, ರಾಜನಲ್ಲದ ಕಾಯಿಗಳ ನಡೆಗಳನ್ನೆಲ್ಲ ಪರೀಕ್ಷೆಯಿಲ್ಲದೆಯೇ ಒಪ್ಪಬಹುದು. ಎರಡು ಕಾಯಿಗಳಿಂದ ಏಕಕಾಲಕ್ಕೆ ಚೆಕ್ ಬಿದ್ದಾಗಲಂತೂ ರಾಜನ ನಡೆಗಳನ್ನಲ್ಲದೆ ಬೇರೇನನ್ನೂ ಎಣಿಸಬೇಕಾಗಿಯೇ ಇಲ್ಲ.

ಕಟ್ಟುಬೀಳದ ಕಾಯಿಯ ನಡೆಯನ್ನು ಪರೀಕ್ಷೆಯಿಲ್ಲದೆ ಒಪ್ಪಬಹುದೆಂಬುದಕ್ಕೆ ಅಪವಾದ ಎನ್ ಪಾಸಾಂ, ಎಂದರೆ ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಶತ್ರುವಿನ ಕಾಲಾಳನ್ನು ಒಂದೇ ಮನೆ ನಡೆದಂತೆ ಭಾವಿಸಿ ಕಾಲಾಳಿನಿಂದ ಹೊಡೆಯುವ ನಡೆ. ಐದನೆಯ ಸಾಲಿನ ಒಂದು ತುದಿಯಲ್ಲಿ ಬಿಳಿಯ ರಾಜ, ಇನ್ನೊಂದು ತುದಿಯಲ್ಲಿ ಕರಿಯ ಆನೆ, ನಡುವೆ ಒಂದು ಬಿಳಿಯ ಕಾಲಾಳು, ಅದರ ಪಕ್ಕಕ್ಕೆ ಈಗತಾನೆ ಎರಡು ಮನೆ ಹಾರಿ ಬಂದ ಕರಿಯ ಕಾಲಾಳು. ಅಡ್ಡ ನಿಂತವು ಎರಡಾದುದರಿಂದ ಯಾವುದೂ ಕಟ್ಟುಬಿದ್ದಂತೆ ತೋರದು. ಆದರೆ ಹೊಡೆದೊಡನೆ ಎರಡೂ ಆ ಸಾಲಿನಿಂದ ಮರೆಯಾಗಿ ರಾಜನು ಆನೆಯ ಬಾಯಿಗೆ ಬೀಳುತ್ತಾನೆ. ಈ ಒಂದು ನಡೆಯನ್ನು ಮಾತ್ರ ಆಡಿಯೇ ನೋಡುವುದು ವಿವೇಕ.

ಇಂತಹ ಲೋಪಗಳನ್ನು ಹಿಡಿಯುವ ಒರೆಗಲ್ಲು ‘ಪರ್ಫ್ಟ್’ ಎಂಬ ಎಣಿಕೆ. ಆರಂಭದ ಸ್ಥಿತಿಯಿಂದ ಒಂದು ನಡೆಯ ಆಳಕ್ಕೆ 20 ದಾರಿಗಳು, ಎರಡಕ್ಕೆ 400, ಮೂರಕ್ಕೆ 8,902, ನಾಲ್ಕಕ್ಕೆ 1,97,281, ಐದಕ್ಕೆ 48,65,609. ಪ್ರೋಗ್ರಾಮು ರಚಿಸುವ ಕಿರಿಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೆ: ನಿಮ್ಮ ಎಣಿಕೆಯು ಇದರಿಂದ ಒಂದೇ ಒಂದು ವ್ಯತ್ಯಾಸವಾದರೂ ವೇಗದ ಮಾತನ್ನು ಬದಿಗಿರಿಸಿ, ಮೊದಲು ಆ ಒಂದನ್ನು ಹುಡುಕಿರಿ.