ಪಕ್ಕವಾದ್ಯ ಬೇಡದ ಪಿಟೀಲು

ಪಿಟೀಲನ್ನು ನಾವು ಹೆಚ್ಚಾಗಿ ಬಲ್ಲದ್ದು ಪಕ್ಕವಾದ್ಯವಾಗಿ. ತನಿಯಾಗಿ ನುಡಿಸಿದರೂ ಹಿಂದೆ ತಂಬೂರಿ, ಮಗ್ಗುಲಲ್ಲಿ ಮೃದಂಗ ಇದ್ದೇ ಇರುತ್ತದೆ. ಶ್ರುತಿಗೆ ಆಸರೆಯಿಲ್ಲದೆ, ತಾಳಕ್ಕೆ ಜೊತೆಯಿಲ್ಲದೆ, ನಾಲ್ಕು ತಂತಿ, ಒಂದು ಕಮಾನು ಹಿಡಿದು ಒಬ್ಬರೇ ವೇದಿಕೆಯ ಮೇಲೆ ನಿಲ್ಲುವ ಸಂಗೀತ ಹೇಗಿದ್ದೀತು? ಅದನ್ನು ತಿಳಿಯಬೇಕೆಂದರೆ ಇಟಲಿಯ ಪಿಟೀಲುವಾದಕ ನಿಕೊಲೊ ಪಗನೀನಿಯ 24 ಕಪ್ರಿಚೊಗಳನ್ನು ಕೇಳಬೇಕು.

ಕಪ್ರಿಚೊ ಎಂದರೆ ಇಟಾಲಿಯನ್ನರ ಮಾತಿನಲ್ಲಿ ಮನಸ್ಸಿಗೆ ತೋಚಿದ್ದು. ನಮ್ಮ ‘ಲಹರಿ’ ಅದಕ್ಕೆ ಹತ್ತಿರ. ಈ ಜಾಡು ಪಗನೀನಿಯೇ ಕಡಿದದ್ದಲ್ಲ. ಬೆರ್ಗಾಮೊದಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನೆಲೆಸಿದ ಪಿಯೆತ್ರೊ ಲೊಕಾತೆಲ್ಲಿ 1733ರಲ್ಲಿ ಅಚ್ಚು ಹಾಕಿಸಿದ 12 ಕಾನ್ಸರ್ಟೊಗಳ ಒಳಗೆ 24 ಕಪ್ರಿಚೊಗಳಿದ್ದವು. ವಾದ್ಯವೃಂದ ಸುಮ್ಮನಾಗಿ ಪಿಟೀಲು ಒಂದೇ ಮಾತಾಡುವ ಜಾಗಗಳು ಅವು. ಬೇಡವೆನಿಸಿದರೆ ಬಿಟ್ಟು ಮುಂದೆ ಹೋಗಬಹುದಿತ್ತು. ಹಾಗೆ ಬಿಡಬಹುದಾಗಿದ್ದನ್ನೇ ಪಗನೀನಿ ಇಡೀ ಕೃತಿಯನ್ನಾಗಿ ಮಾಡಿದ.

1820ರಲ್ಲಿ ಮಿಲಾನಿನ ರಿಕೊರ್ದಿ ಪಗನೀನಿಯ ಕಪ್ರಿಚೊಗಳನ್ನು ಪ್ರಕಟಿಸಿದಾಗ ಅರ್ಪಣೆಯ ಜಾಗದಲ್ಲಿ ಯಾವ ದೊರೆಯ ಹೆಸರೂ ಇರಲಿಲ್ಲ, ‘ಕಲಾವಿದರಿಗೆ’ ಎಂದಷ್ಟೇ ಇತ್ತು. ತಾನು ಊರೂರು ಸುತ್ತಿ ನುಡಿಸುತ್ತಿದ್ದ ಕಾನ್ಸರ್ಟೊಗಳನ್ನು ಪಗನೀನಿ ಸಾಯುವವರೆಗೆ ಅಚ್ಚಿಗೆ ಕೊಡಲಿಲ್ಲ. ಕೈಚಳಕ ಬೇರೆಯವರ ಪಾಲಾದೀತೆಂಬ ಎಚ್ಚರ. ಅಂಥವನು ತನ್ನ ಬೆರಳಿನ ಗುಟ್ಟುಗಳನ್ನೆಲ್ಲ ಇಲ್ಲಿ ಬಿಚ್ಚಿಟ್ಟು ಸಹವಾದಕರ ಕೈಗೆ ಕೊಟ್ಟ. ದೆವ್ವಕ್ಕೆ ಆತ್ಮ ಮಾರಿ ವಿದ್ಯೆ ಪಡೆದವನೆಂಬ ಕಥೆಗಿಂತ ಈ ಉದಾರತೆ ನನಗೆ ದೊಡ್ಡದಾಗಿ ಕಾಣುತ್ತದೆ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆರನೆಯದಕ್ಕೆ. ಅದರಲ್ಲಿ ವೇಗದ ಮೆರೆದಾಟವಿಲ್ಲ, ನಡೆ ವಿಳಂಬದ್ದು. ಪಿಟೀಲಿನ ಕುದುರೆ ಬಾಗಿರುವುದರಿಂದ ಕಮಾನು ಸಲೀಸಾಗಿ ಎಳೆದು ನಿಲ್ಲಿಸಬಲ್ಲದ್ದು ಎರಡು ತಂತಿಗಳ ನಾದವನ್ನು ಮಾತ್ರ. ಆ ಎರಡರಲ್ಲೇ ಇಲ್ಲಿ ಹಾಡೂ ಇದೆ, ಅದರ ಪಕ್ಕವಾದ್ಯವೂ ಇದೆ. ಒಂದು ತಂತಿಯ ಮೇಲೆ ಹಾಡು ನಿಧಾನವಾಗಿ ಹೆಜ್ಜೆಯಿಡುತ್ತದೆ. ಪಕ್ಕದ ತಂತಿಯ ಮೇಲೆ ಅದೇ ಎಡಗೈಯ ಬೆರಳುಗಳು ಎರಡು ಸ್ವರಗಳ ನಡುವೆ ಎಡೆಬಿಡದೆ ಕಂಪಿಸುತ್ತಿರುತ್ತವೆ. ಒಂದು ಬೆರಳು ಗಟ್ಟಿಯಾಗಿ ನೆಟ್ಟು ಹಾಡನ್ನು ಹಿಡಿದಿರಬೇಕು, ಇನ್ನೊಂದು ಹಗುರಾಗಿ ನಡುಗುತ್ತಿರಬೇಕು. ಮೊದಲ ಸಲ ಕಣ್ಣುಮುಚ್ಚಿ ಕೇಳಿದಾಗ ಇಬ್ಬರು ನುಡಿಸುತ್ತಿದ್ದಾರೆಂದೇ ನಾನು ತಿಳಿದಿದ್ದೆ. ಒಳ್ಳೆಯ ಕೈಯಲ್ಲಿ ಆ ಕಂಪನ ದೂರದ ಮಳೆಯ ಹಾಗೆ ಕೇಳುತ್ತದೆ. ಕಸರತ್ತೆಂದು ನುಡಿಸಿದವರಲ್ಲಿ ನೊಣದ ಗುಂಯ್‌ಗುಡುವಿಕೆಯಷ್ಟೇ ಉಳಿಯುತ್ತದೆ.

ಒಂಬತ್ತನೆಯದು ಬೇಟೆಯ ಚಿತ್ರ. ಮೇಲಿನ ತಂತಿಗಳು ಕೊಳಲಾಗುತ್ತವೆ, ಕೆಳಗಿನವು ಕೊಂಬು. ಇಪ್ಪತ್ತನೆಯದರಲ್ಲಿ ಒಂದು ಖಾಲಿ ತಂತಿ ಹಾಡಿನ ಅಡಿಯಲ್ಲಿ ಒಂದೇ ಸ್ವರ ಹಿಡಿದು ಮೊರೆಯುತ್ತದೆ. ಯುರೋಪಿನವರಿಗೆ ಅದು ಕುರುಬರ ಚೀಲವಾದ್ಯದ ನೆನಪು, ನನ್ನ ಕಿವಿಗೆ ನಮ್ಮ ಶ್ರುತಿಪೆಟ್ಟಿಗೆ. ಇಪ್ಪತ್ತೊಂದನೆಯದು ಒಪೆರಾದ ಪ್ರೇಮಿಗಳಿಬ್ಬರು ಜೊತೆಯಾಗಿ ಹಾಡಿದಂತೆ ಶುರುವಾಗುತ್ತದೆ.

ಜಗತ್ತಿಗೆಲ್ಲ ಗೊತ್ತಿರುವುದು 24ನೆಯದು: ಪುಟ್ಟದೊಂದು ಪಲ್ಲವಿ, ಅದರ 11 ಮಾರ್ಪಾಟು, ಒಂದು ಮುಕ್ತಾಯ. ಒಂಬತ್ತನೆಯ ಮಾರ್ಪಾಟಿನಲ್ಲಿ ಬಲಗೈ ಕಮಾನಾಡಿಸುತ್ತಿರುವಾಗಲೇ ಎಡಗೈಯ ಬೆರಳುಗಳು ತಂತಿ ಮೀಟುತ್ತವೆ. ಬ್ರಾಮ್ಸ್, ರಾಹ್ಮನಿನೊಫ್ ಈ ಪಲ್ಲವಿಯ ಮೇಲೆ ಪಿಯಾನೊ ಕೃತಿಗಳನ್ನೇ ಕಟ್ಟಿದರು. ಕೃತಿ ದೊಡ್ಡದೇ, ಸಂದೇಹವಿಲ್ಲ. ಆದರೆ ಅದರ ಖ್ಯಾತಿ ಉಳಿದ 23ರ ಮೇಲೆ ನೆರಳು ಚೆಲ್ಲಿದೆ. ಸ್ಪರ್ಧೆಗಳಲ್ಲಿ ಅದು ಬೆರಳಿನ ವೇಗ ಅಳೆಯುವ ಗಜಕಡ್ಡಿಯಾಗಿಬಿಟ್ಟಿದೆ.

ಪಿಟೀಲಿನ ಈ ಒಂಟಿತನವನ್ನು ಹಿಂದಿನವರು ಸಹಿಸಲಿಲ್ಲ. ರಾಬರ್ಟ್ ಶೂಮನ್ ತನ್ನ ಕೊನೆಯ ವರ್ಷಗಳಲ್ಲಿ ಕಪ್ರಿಚೊಗಳಿಗೆ ಪಿಯಾನೊ ಜೊತೆಗಾರಿಕೆ ಬರೆದ. ಪಿಟೀಲುವಾದಕ ಆಸಿ ರೆನಾರ್ಡಿ 1940ರಲ್ಲಿ ಅವನ್ನು ಧ್ವನಿಮುದ್ರಿಸಿದ್ದೂ ಪಿಯಾನೊ ಜೊತೆಯಲ್ಲೇ. ಶೂಮನ್ನನ ಮೇಲೆ ನನಗೆ ಅಪಾರ ಗೌರವ. ಆದರೂ ಇದು ತಪ್ಪು. ಪಗನೀನಿ ಒಂದೆರಡು ಸ್ವರಗಳಲ್ಲಿ ಸೂಚಿಸಿ ಬಿಟ್ಟದ್ದನ್ನು ಕೇಳುಗ ಮನಸ್ಸಿನಲ್ಲಿ ತುಂಬಿಕೊಳ್ಳಬೇಕು. ಅದನ್ನೂ ಪಿಯಾನೊ ಬಾಯಿಬಿಟ್ಟು ಹೇಳಿದರೆ ಕೇಳುಗನಿಗೆ ಕೆಲಸವೇ ಉಳಿಯುವುದಿಲ್ಲ. ಪೂರ್ತಿ 24ನ್ನೂ ಮೂಲದಲ್ಲಿದ್ದಂತೆ ಪಿಟೀಲೊಂದರಲ್ಲೇ ಮೊದಲು ಧ್ವನಿಮುದ್ರಿಸಿದ್ದು ಅಮೆರಿಕದ ರುಜೀರೊ ರಿಚ್ಚಿ, 1947ರಲ್ಲಿ. ಅಚ್ಚಾಗಿ ನೂರು ವರ್ಷ ದಾಟಿದ ಮೇಲೆ.

ಹೊಸದಾಗಿ ಕೇಳುವವರಲ್ಲಿ ಒಂದು ಬೇಡಿಕೆ. ಇಪ್ಪತ್ನಾಲ್ಕನ್ನೂ ಒಂದೇ ಉಸಿರಿಗೆ ಕೇಳಬೇಡಿ, ಕಿವಿ ದಣಿಯುತ್ತದೆ. ಇಟ್ಜಾಕ್ ಪರ್ಲ್‌ಮನ್‌ರ 1972ರ ಮುದ್ರಿಕೆ ಸುಲಭವಾಗಿ ಸಿಗುತ್ತದೆ. ರಾತ್ರಿ ಮನೆಯ ಸದ್ದಡಗಿದ ಮೇಲೆ ಆರನೆಯದನ್ನು ಮಾತ್ರ ಹಾಕಿ, ಎರಡು ಸಲ ಕೇಳಿ. ಇಪ್ಪತ್ತೊಂದನೆಯದು ಮರುದಿನಕ್ಕಿರಲಿ, 24ನೆಯದಕ್ಕೆ ವಾರದ ಕೊನೆಯಲ್ಲಿ ಬನ್ನಿ.